ವಾಲಿದ ಬಾರ್ನನ್ನು ವಾಲಿದ ಹಾಗೇ ಉಳಿಸಿದ್ದು: ಒಂದು ಪ್ರಕರಣ ಅಧ್ಯಯನ

ಪೂರ್ವ ಇಂಗ್ಲೆಂಡಿನ ಒಂದು ಜಮೀನಿನಲ್ಲಿ ಓಕ್ ಮರದ ಚೌಕಟ್ಟಿನ ಹಳೇ ಬಾರ್ನ್ ಇದೆ, ಅಂದರೆ ಪೈರು ಒಕ್ಕಿ ಕೂಡಿಡಲು ಕಟ್ಟಿದ ದೊಡ್ಡ ಕೊಟ್ಟಿಗೆ. ಆರು ಅಂಕಣದ ಕಟ್ಟಡ. ಟಾರ್ ಬಳಿದ ಕಪ್ಪು ಹಲಗೆಯ ಗೋಡೆ, ಮೇಲೆ ತುಕ್ಕು ಹಿಡಿದ ತಗಡು. ರಸ್ತೆಯಲ್ಲಿ ಹೋಗುವವರಿಗೂ ಗೊತ್ತಾಗುವಷ್ಟು ಪೂರ್ವಕ್ಕೆ ವಾಲಿತ್ತು. ಕೆಡವೋಣ ಅಂತ ಒಬ್ಬರು, ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸೋಣ ಅಂತ ಇನ್ನೊಬ್ಬರು, ಎತ್ತಿ ನೇರ ಮಾಡೋಣ ಅಂತ ಮತ್ತೊಬ್ಬರು. ಕೊನೆಗೆ ಮೂರನ್ನೂ ಮಾಡಲಿಲ್ಲ, ಬಾರ್ನ್ ಉಳಿಯಿತು. ಆ ತೀರ್ಮಾನಕ್ಕೆ ಹೇಗೆ ಬಂದರು ಅನ್ನುವುದೇ ಇಲ್ಲಿನ ವಿಷಯ.

ನಾನಿದ್ದದ್ದು ಅಳತೆ ತೆಗೆದು ದಾಖಲಿಸುವ ತಂಡದಲ್ಲಿ. ಊರು, ಮಾಲೀಕರು, ಎಂಜಿನಿಯರುಗಳು, ಯಾರ ಗುರುತೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮಾಲೀಕರು ಒಬ್ಬ ಅಕ್ಕ, ಒಬ್ಬ ತಮ್ಮ. ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಇಂಗ್ಲೆಂಡಿನ ಈ ಭಾಗದಲ್ಲಿ ಕಟ್ಟಡಕ್ಕೆ ಆಗುವಂಥ ಕಲ್ಲು ಕಡಿಮೆ. ಓಕ್ ಮರ ಮಾತ್ರ ಬೇಕಾದಷ್ಟಿತ್ತು. ಹಾಗಾಗಿ ಇಲ್ಲಿನ ಬಡಗಿಗಳು ಮರದಲ್ಲೇ ದೊಡ್ಡ ದೊಡ್ಡ ಕಟ್ಟಡ ಎಬ್ಬಿಸಿದರು. ಎಸೆಕ್ಸ್‌ನ ಕ್ರೆಸಿಂಗ್ ಟೆಂಪಲ್‌ನಲ್ಲಿ ಟೆಂಪ್ಲರ್ ಅನ್ನುವ ಕ್ರೈಸ್ತ ಯೋಧ ಪಂಥದವರು ಕಟ್ಟಿಸಿದ ಎರಡು ಬಾರ್ನ್‌ಗಳು 13ನೇ ಶತಮಾನದವು, ಇವತ್ತಿಗೂ ನಿಂತಿವೆ. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್‌ನಲ್ಲಿ 1426ರ ಸುಮಾರಿಗೆ ಕಟ್ಟಿದ ಬಾರ್ನ್‌ಗೆ ಹನ್ನೆರಡು ಅಂಕಣ, ಉದ್ದ ಸುಮಾರು 58 ಮೀಟರ್. ನಮ್ಮ ಬಾರ್ನ್‌ಗೆ ಅಂಥ ಹೆಸರೇನೂ ಇಲ್ಲ. ಯಾರೋ ಮಧ್ಯಮ ವರ್ಗದ ರೈತ ತನ್ನ ಗೋಧಿ, ಬಾರ್ಲಿಗೆ ಅಂತ ಕಟ್ಟಿಸಿದ್ದು. ಅಂಥವು ಊರೂರಲ್ಲೂ ಇದ್ದವು, ಅದಕ್ಕೇ ಅವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಮಳೆ ಯಾವಾಗ ಬೇಕಾದರೂ ಬರುವ ದೇಶ. ಹಾಗಾಗಿ ಕಣವೇ ಸೂರಿನ ಕೆಳಗಿತ್ತು. ನಡುವಿನ ಅಂಕಣ ಒಕ್ಕಣೆಯ ಕಣ, ಎರಡೂ ಕಡೆಯ ಅಂಕಣಗಳಲ್ಲಿ ಸಿವುಡುಗಳ ರಾಶಿ. ಉದ್ದ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಬಾಗಿಲು. ಒಂದು ಎತ್ತರ, ಪೈರು ತುಂಬಿದ ಗಾಡಿ ಒಳಗೆ ಬರುವಷ್ಟು. ಇನ್ನೊಂದು ತಗ್ಗು, ಖಾಲಿ ಗಾಡಿ ಆಚೆ ಹೋದರೆ ಸಾಕು. ಚಳಿಗಾಲವಿಡೀ ಆಳುಗಳು ಬಡಿಗೋಲಿನಿಂದ ತೆನೆ ಬಡಿಯುತ್ತಿದ್ದರು. ಎರಡೂ ಬಾಗಿಲು ತೆಗೆದಿಟ್ಟರೆ ಗಾಳಿ ಕಣದ ಮೇಲೆ ಹಾದು ಹೋಗುತ್ತದೆ, ತೂರಿದರೆ ಹೊಟ್ಟು ಹಾರಿಹೋಗುತ್ತದೆ. ಬಾಗಿಲುಗಳ ಜಾಗ ನೋಡಿದರೆ ಸಾಕು, ಕಟ್ಟಡ ಯಾಕೆ ಹೀಗಿದೆ ಅಂತ ಗೊತ್ತಾಗುತ್ತದೆ.

1780ರ ದಶಕದಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕಣೆ ಯಂತ್ರ ಮಾಡಿದ. ಚಳಿಗಾಲದ ಕೂಲಿಯೇ ಹೋಗುತ್ತದಲ್ಲ ಅಂತ ಹೊಟ್ಟೆಪಾಡಿಗೆ ಹೆದರಿದ ಕೂಲಿಕಾರರು 1830ರಲ್ಲಿ ದಕ್ಷಿಣ, ಪೂರ್ವ ಇಂಗ್ಲೆಂಡಿನ ಉದ್ದಕ್ಕೂ ಆ ಯಂತ್ರಗಳನ್ನು ಒಡೆದು ಹಾಕಿದರು. ಯಂತ್ರ ನಿಲ್ಲಲಿಲ್ಲ. ಆಮೇಲೆ ಉಗಿಯಂತ್ರ ಬಂತು, ಎರಡನೇ ಮಹಾಯುದ್ಧದ ನಂತರ ಕಂಬೈನ್ ಹಾರ್ವೆಸ್ಟರ್ ಊರೂರಿಗೆ ಬಂತು. ಬಾರ್ನ್ ಸುಮ್ನೆ ಸಾಮಾನು ಇಡುವ ಜಾಗ ಆಯಿತು. ನಾವು ಹೋದಾಗ ಒಳಗಿದ್ದದ್ದು ಹಳೇ ನೇಗಿಲು, ಗೊಬ್ಬರದ ಚೀಲ, ಕೆಟ್ಟುಹೋದ ಒಂದು ಟ್ರೇಲರ್.

ಚೌಕಟ್ಟಿನ ಬಗ್ಗೆಯೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಎರಡು ಕಂಬ, ಅವುಗಳ ತಲೆಗೆ ಒಂದು ಅಡ್ಡತೊಲೆ, ಇದು ಒಂದು ಕಟ್ಟು. ಇಂಥ ಆರು ಕಟ್ಟು ಸಾಲಾಗಿ ನಿಲ್ಲಿಸಿದರೆ ನಡುವೆ ಐದು ಅಂಕಣ. ಕಂಬದ ತಲೆ ಬುಡಕ್ಕಿಂತ ದಪ್ಪ ಇರುತ್ತದೆ, ಯಾಕೆಂದರೆ ಮರವನ್ನು ತಲೆಕೆಳಗಾಗಿ ನಿಲ್ಲಿಸಿರುತ್ತಾರೆ. ಬೇರಿನ ಹತ್ತಿರ ಅಗಲವಾಗುವ ಭಾಗ ಮೇಲೆ ಬಂದರೆ ಅಲ್ಲಿ ಅಡ್ಡತೊಲೆಗೂ ಗೋಡೆಯ ಮೇಲಿನ ಉದ್ದತೊಲೆಗೂ ಒಟ್ಟಿಗೇ ಜಾಗ ಸಿಗುತ್ತದೆ. ಓಕ್ ಒಣಗಿದರೆ ಉಳಿ ಹೋಗದಷ್ಟು ಗಟ್ಟಿ, ಅದಕ್ಕೇ ಹಸಿ ಮರದಲ್ಲೇ ಕೆಲಸ. ಒಂದು ಮರಕ್ಕೆ ನಾಲಿಗೆ ಕೆತ್ತಿ, ಇನ್ನೊಂದಕ್ಕೆ ಕುಳಿ ತೋಡಿ, ಎರಡನ್ನೂ ಸೇರಿಸಿ ಓಕ್ ಗೂಟ ಹೊಡೆಯುತ್ತಾರೆ. ಗೂಟದ ತೂತುಗಳನ್ನು ಬೇಕಂತಲೇ ಒಂದು ಕೂದಲೆಳೆ ಆಚೀಚೆ ಕೊರೆದಿರುತ್ತಾರೆ, ಗೂಟ ಒಳಗೆ ಹೋಗುತ್ತಾ ಜೋಡಣೆಯನ್ನು ಎಳೆದು ಬಿಗಿ ಮಾಡುತ್ತದೆ. ಒಂದು ಕಬ್ಬಿಣದ ಮೊಳೆಯೂ ಬೇಕಿಲ್ಲ.

ಕಂಬಕ್ಕೂ ಉದ್ದತೊಲೆಗೂ ನಡುವೆ ಮೂಲೆಯಲ್ಲಿ ಓರೆಯಾಗಿ ಕೂರಿಸಿದ ಮರಗಳಿರುತ್ತವೆ. ನೋಡಲು ಅಲಂಕಾರದ ಹಾಗಿದ್ದರೂ ಇಡೀ ಕಟ್ಟಡ ಒಂದು ಕಡೆಗೆ ಮಗುಚದ ಹಾಗೆ ತಡೆಯುವುದು ಅವೇ. ಈ ಓರೆಮರಗಳನ್ನು ನೆನಪಿಟ್ಟುಕೊಳ್ಳಿ.

ಸಮಸ್ಯೆ

ಕಂಬಗಳೆಲ್ಲ ಒಂದೇ ದಿಕ್ಕಿಗೆ, ಗಾಳಿ ಬೀಸಿದ ಜೋಳದ ಸಾಲಿನ ಹಾಗೆ, ಪೂರ್ವಕ್ಕೆ ಬಾಗಿದ್ದವು. ನಾಲ್ಕು ಮೀಟರ್ ಎತ್ತರಕ್ಕೆ ಸುಮಾರು 28 ಸೆಂ.ಮೀ. ವಾಲಿಕೆ. ಈಶಾನ್ಯ ಮೂಲೆ 11 ಸೆಂ.ಮೀ. ಕುಸಿದಿತ್ತು. ಉತ್ತರ ಗೋಡೆಯ ಅಡಿತೊಲೆ ಕೈಯಲ್ಲಿ ಹಿಸುಕಿದರೆ ಉದುರುತ್ತಿತ್ತು. 1960ರ ದಶಕದಲ್ಲಿ ಟ್ರ್ಯಾಕ್ಟರ್ ಒಳಗೆ ತರಲು ಅಂತ ನಾಲ್ಕನೇ ಅಂಕಣದಲ್ಲಿ ಗೋಡೆ ಕತ್ತರಿಸಿ ದೊಡ್ಡ ಬಾಗಿಲು ಮಾಡಿದ್ದರು. ಆಗ ಅಡಿತೊಲೆ, ಒಂದು ಓರೆಮರ ಎರಡೂ ಹೋದವು. ಮರದ ತುಂಬ ಹುಳ ಕೊರೆದ ತೂತು. ವಿಮೆ ಕಂಪನಿ ನವೀಕರಿಸುವುದಿಲ್ಲ ಅಂದಿತು. ಅಲ್ಲಿಂದ ಗಡಿಬಿಡಿ ಶುರುವಾಯಿತು.

ತಮ್ಮನಿಗೆ ಇದನ್ನು ತೆಗೆದು ಎರಡು ಮನೆ ಕಟ್ಟುವ ಆಸೆ. ಅವರ ಲೆಕ್ಕ ತಪ್ಪೇನಲ್ಲ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೇ ಕಟ್ಟಡ ರಿಪೇರಿ ಮಾಡಿದರೆ 20 ಶೇಕಡಾ. ಪಾರಂಪರಿಕ ಕಟ್ಟಡದಲ್ಲಿ ಒಪ್ಪಿಗೆ ಪಡೆದು ಮಾಡುವ ಬದಲಾವಣೆಗೆ ಮೊದಲು ಇದ್ದ ವಿನಾಯಿತಿಯನ್ನೂ 2012ರ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಉಳಿಸಿ ಅಂತ ಒಂದು ಕಾನೂನು, ಉಳಿಸಿದರೆ ಜಾಸ್ತಿ ತೆರಿಗೆ ಅಂತ ಇನ್ನೊಂದು. ವಿಚಿತ್ರ ಅಲ್ವಾ?

ಆದರೆ ಬಾರ್ನ್ ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು, ಗ್ರೇಡ್ 2 ಅಂತ. 1990ರ ಕಾಯ್ದೆ ಪ್ರಕಾರ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪ ಬದಲಾಗುವಂಥ ಕೆಲಸಕ್ಕೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು, ಇಲ್ಲದೆ ಮಾಡಿದರೆ ಅಪರಾಧ. ಹೊಲದ ಹಳೇ ಶೆಡ್ಡುಗಳನ್ನು ಪೂರ್ತಿ ಅರ್ಜಿ ಇಲ್ಲದೆ ಮನೆ ಮಾಡಿಕೊಳ್ಳಲು ಕ್ಲಾಸ್ ಕ್ಯೂ ಅನ್ನುವ ಒಂದು ಸುಲಭದ ದಾರಿ ಇದೆ, ಅದೂ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಅನ್ವಯಿಸುವುದಿಲ್ಲ. ಅಕ್ಕನಿಗೆ ಕೆಡವುವುದು ಸುತರಾಂ ಇಷ್ಟವಿರಲಿಲ್ಲ, ಆದರೆ ದುಡ್ಡು ಎಲ್ಲಿಂದ ಅನ್ನುವುದಕ್ಕೆ ಅವರ ಬಳಿಯೂ ಉತ್ತರ ಇರಲಿಲ್ಲ.

ಮೊದಲ ಎಂಜಿನಿಯರ್ ಬಂದು ಲೆಕ್ಕ ಹಾಕಿದರು. ಇವತ್ತಿನ ನಿಯಮದ ಗಾಳಿಯ ಹೊರೆಗೆ ಈ ಚೌಕಟ್ಟು ನಿಲ್ಲಲ್ಲ, ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿ ಹಳೇ ಮರವನ್ನು ಅದಕ್ಕೆ ತೂಗು ಹಾಕಬೇಕು ಅಂದರು. ನಿಲ್ಲಲ್ಲ ಅಂದಿದ್ದು ನೂರಾರು ವರ್ಷದಿಂದ ನಿಂತಿರುವ ಕಟ್ಟಡದ ಬಗ್ಗೆ. ಆ ವರದಿ ಇಟ್ಟುಕೊಂಡು ಹಾಕಿದ ಅರ್ಜಿಗೆ ಸಂರಕ್ಷಣಾ ಅಧಿಕಾರಿ ನೇರವಾಗಿ ಇಲ್ಲ ಅನ್ನಲಿಲ್ಲ. ಯಾವಾಗ ವಾಲಿತು, ಯಾಕೆ ವಾಲಿತು, ಈಗಲೂ ವಾಲುತ್ತಿದೆಯೇ ಅಂತ ಕೇಳಿದರು. ವರದಿಯಲ್ಲಿ ಇದ್ಯಾವುದಕ್ಕೂ ಉತ್ತರ ಇರಲಿಲ್ಲ. ಇಡೀ ಪ್ರಕರಣ ತಿರುಗಿದ್ದು ಆ ಪ್ರಶ್ನೆಗಳಿಂದ. ಅರ್ಜಿ ವಾಪಸ್ ತಗೊಂಡು, ಹಳೇ ಮರದ ಕಟ್ಟಡಗಳ ಅನುಭವ ಇದ್ದ ಇನ್ನೊಬ್ಬ ಎಂಜಿನಿಯರನ್ನು ಕರೆಸಿದರು. ನಮ್ಮ ತಂಡ ಒಳಗೆ ಬಂದದ್ದೂ ಆಗಲೇ.

ಹಡಗಿನ ಮರ

ಅಳತೆಗೆ ಇಳಿಯುವ ಮೊದಲು ಒಂದು ಕತೆ ದಾಟಬೇಕಿತ್ತು. "ಇದು ಹಳೇ ಯುದ್ಧದ ಹಡಗು ಒಡೆದು ತಂದ ಮರ, ತಾತ ಹೇಳ್ತಿದ್ದರು" ಅಂತ ಮೊದಲ ದಿನವೇ ತಮ್ಮ ಹೇಳಿದರು. ಇಂಗ್ಲೆಂಡಿನಲ್ಲಿ ಯಾವ ಹಳೇ ಬಾರ್ನ್‌ಗೆ ಹೋದರೂ ಈ ಕತೆ ಕೇಳಬಹುದು. ಬಕಿಂಗ್‌ಹ್ಯಾಮ್‌ಶೈರಿನ ಜೋರ್ಡನ್ಸ್‌ನಲ್ಲಿರುವ ಬಾರ್ನ್, ವಲಸಿಗರನ್ನು ಅಮೆರಿಕಕ್ಕೆ ಒಯ್ದ ಮೇಫ್ಲವರ್ ಹಡಗಿನದೇ ಮರ ಅಂತ 1920ರಲ್ಲಿ ರೆಂಡೆಲ್ ಹ್ಯಾರಿಸ್ ಅನ್ನುವ ವಿದ್ವಾಂಸರು ಬರೆದಿದ್ದರು. ಇತಿಹಾಸಕಾರರಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಕತೆ ಹುಟ್ಟುವುದು ಎಲ್ಲಿಂದ ಅಂದರೆ ಮರದಲ್ಲಿ ಬಾಗು ಇರುತ್ತದೆ, ಯಾವುದಕ್ಕೂ ಸೇರದ ಖಾಲಿ ಕುಳಿಗಳಿರುತ್ತವೆ, ಕಪ್ಪು ಬಣ್ಣ ಇರುತ್ತದೆ.

ಕತೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಖಾಲಿ ಕುಳಿಗಳು ಇದ್ದದ್ದಂತೂ ನಿಜ. ಅವು ಎಲ್ಲಿಂದ ಬಂದವು? ಏಣಿ ಹತ್ತಿ ಟಾರ್ಚ್ ಹಿಡಿದು ಮಾಡಿನ ಮರಗಳನ್ನು ಒಂದೊಂದಾಗಿ ನೋಡಿದೆವು. ಕೆಲವದರ ಮೇಲೆ ದಟ್ಟ ಕಪ್ಪು. ಬೆರಳಿಟ್ಟು ಉಜ್ಜಿದರೆ ಬೆರಳಿಗೆ ಹತ್ತುವ ಮಸಿ. ಅದು ಮೂರು ಮುಖದ ಮೇಲೆ ಮಾತ್ರ, ನಾಲ್ಕನೇ ಮುಖ ಸ್ವಚ್ಛ. ಟಾರ್ ಬಳಿದಿದ್ದರೆ ಹೀಗೆ ಆಗುವುದಿಲ್ಲ. ಒಲೆಯ ಹೊಗೆ ಕೆಳಗಿನಿಂದ ಬಡಿದರೆ ಹೀಗಾಗುತ್ತದೆ, ಹುಲ್ಲು ಹೊದಿಸಿದ್ದ ಮೇಲ್ಮುಖಕ್ಕೆ ಹೊಗೆ ತಾಗುವುದಿಲ್ಲ. ಅದರಲ್ಲೂ ಒಂದೆರಡು ಮರಗಳಲ್ಲಿ ಮಸಿ ಹಿಡಿದ ಮುಖ ಈಗ ಆಕಾಶದ ಕಡೆಗಿತ್ತು. ಅಂದರೆ ಹೊಗೆ ಹಿಡಿದದ್ದು ಬೇರೆ ಕಟ್ಟಡದಲ್ಲಿ, ಆಮೇಲೆ ಬಿಚ್ಚಿ ತಂದು ಇಲ್ಲಿ ತಿರುಗಿಸಿ ಕೂರಿಸಿದ್ದಾರೆ.

ಚಿಮಣಿ ಬರುವ ಮೊದಲು ಇಂಗ್ಲೆಂಡಿನ ರೈತರ ಮನೆಯ ನಡುವಿನ ದೊಡ್ಡ ಕೋಣೆಯಲ್ಲಿ ನೆಲದ ಮೇಲೇ ಒಲೆ, ಹೊಗೆ ಮಾಡಿನವರೆಗೂ ಏರಿ ಸಂದುಗಳಲ್ಲಿ ಹೋಗುತ್ತಿತ್ತು. 16ನೇ ಶತಮಾನದಲ್ಲಿ ಇಟ್ಟಿಗೆ ಚಿಮಣಿ, ಮಹಡಿ ಬಂದವು, ಹಳೇ ಮನೆಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಮರ ಮಿಕ್ಕಿತು. ಉತ್ತರ ಗೋಡೆಯ ಉದ್ದತೊಲೆಯಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು: ವಜ್ರಾಕಾರದ ಪುಟ್ಟ ಕುಳಿಗಳ ಒಂದು ಸಾಲು. ಗಾಜಿಲ್ಲದ ಕಾಲದ ಕಿಟಕಿಗೆ ಕಂಬಿಯ ಬದಲು ನಿಲ್ಲಿಸುತ್ತಿದ್ದ ಮರದ ಸರಳುಗಳ ಜಾಗ ಅದು. ಪಕ್ಕದಲ್ಲೇ ಜಾರುವ ಕದಕ್ಕೆ ಕೊರೆದ ತೋಡೂ ಇತ್ತು, ಅದೀಗ ತಲೆಕೆಳಗಾಗಿ ಮೇಲ್ಗಡೆ ಇತ್ತು. ಹಡಗಿಗೆ ಅಂಥ ಕಿಟಕಿ ಯಾಕೆ? ಅದೇ ಜಮೀನಿನ ಹಳೇ ಮನೆಯದೇ ಮರ ಇರಬೇಕು ಅನ್ನಿಸಿತು. ತಮ್ಮನಿಗೆ ಬೇಜಾರಾಯಿತು, ಅಕ್ಕ ಮಾತ್ರ ಖುಷಿಪಟ್ಟರು.

ಇದರಿಂದ ಒಂದು ಉಪಯೋಗವೂ ಆಯಿತು. ಖಾಲಿ ಕುಳಿಗಳು ಎರಡು ಥರ ಅಂತ ಗೊತ್ತಾಯಿತು. ಎದುರಿನ ಮರದಲ್ಲಿ ಜೋಡಿಯೇ ಇಲ್ಲದ ಕುಳಿ ಹಳೇ ಮನೆಯದು, ಅದನ್ನು ಬಿಟ್ಟುಬಿಡಬಹುದು. ಜೋಡಿ ಇದ್ದು, ಒಳಗೆ ಗೂಟದ ತುಂಡು ಇನ್ನೂ ಸಿಕ್ಕಿಕೊಂಡಿರುವ ಕುಳಿ ಅಂದರೆ ಈ ಬಾರ್ನ್‌ನಲ್ಲೇ ಇದ್ದ ಮರವನ್ನು ಯಾರೋ ಗರಗಸ ಹಾಕಿ ತೆಗೆದಿದ್ದಾರೆ ಅಂತ. ಎರಡೂ ಉದ್ದ ಗೋಡೆಗಳಲ್ಲಿ, ಪಶ್ಚಿಮದ ಅರ್ಧದಲ್ಲಿ, ಎರಡನೇ ಥರದ ಕುಳಿಗಳೇ ಜಾಸ್ತಿ. ಓರೆಮರಗಳನ್ನು ತೆಗೆದಿದ್ದರು.

ಯಾವಾಗ ವಾಲಿತು

ಎಲ್ಲರ ಊಹೆ ಒಂದೇ ಇತ್ತು: 1960ರ ದಶಕದ ಟ್ರ್ಯಾಕ್ಟರ್ ಬಾಗಿಲೇ ಕಾರಣ. ಹಾಗಿದ್ದರೆ ಆ ಅಂಕಣ ಮುಚ್ಚಿ, ಕಟ್ಟಡವನ್ನು ಎಳೆದು ನೇರ ಮಾಡಿಬಿಡಬಹುದು. ಹೊಸ ಎಂಜಿನಿಯರ್ ಕೂಡ ಶುರುವಿನಲ್ಲಿ ಹಾಗೇ ಅಂದುಕೊಂಡಿದ್ದರು.

ಬಡಗಿಗಳು ಮರಗಳನ್ನು ಅಂಗಳದಲ್ಲಿ ಮಲಗಿಸಿ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಗುರುತು ರೋಮನ್ ಅಂಕಿಯಲ್ಲಿ, ಉಳಿಯಿಂದ ಗೀರಿದ ಗೀಟುಗಳು; ನಾಲ್ಕಕ್ಕೆ ನಾಲ್ಕು ಗೀಟು. ಪಶ್ಚಿಮದಿಂದ ಲೆಕ್ಕ ಹಾಕಿದರೆ ಒಂದರಿಂದ ಆರರವರೆಗೆ ಸರಿಯಾಗಿ ಸಿಕ್ಕವು. ಏಳನೇ ಕಟ್ಟಿಗೆ ಗುರುತೇ ಇಲ್ಲ. ಅದು ಓಕ್ ಕೂಡ ಅಲ್ಲ, ಬಾಲ್ಟಿಕ್ ಕಡೆಯ ಪೈನ್, ಯಂತ್ರದ ಗರಗಸದ ಸಾಲು ಮೈತುಂಬ. ಅಂದರೆ ಮೂಲ ಬಾರ್ನ್ ಐದು ಅಂಕಣದ್ದು, ಪೂರ್ವದ ಆರನೇ ಅಂಕಣ ಆಮೇಲೆ ಸೇರಿಸಿದ್ದು. ಯಾವಾಗ? 1836ರ ಕಾಯ್ದೆಯ ನಂತರ ಹೆಚ್ಚಿನ ಊರುಗಳಿಗೆ ಚರ್ಚಿನ ದಶಮಾಂಶ ತೆರಿಗೆಯ ನಕ್ಷೆ ಮಾಡಿದರು, ಅದರಲ್ಲಿ ಈ ಬಾರ್ನ್ ಗಿಡ್ಡ. 1870ರ ದಶಕದ ಆರ್ಡ್‌ನೆನ್ಸ್ ಸರ್ವೆಯ ಸರ್ಕಾರಿ ನಕ್ಷೆಯಲ್ಲಿ ಉದ್ದ. ನಡುವೆ ಎಲ್ಲೋ ಸೇರಿಸಿದ್ದಾರೆ.

ಹಳೇ ಕಟ್ಟಡ, ಹೊಸ ಅಂಕಣ ಸೇರುವ ಜಾಗದಲ್ಲಿ ಹಲಗೆ ಬಿಚ್ಚಿದಾಗ ಒಂದು ಎಲ್ಮ್ ಮರದ ತುಂಡು ಕಂಡಿತು. ಬುಡದಲ್ಲಿ ಒಂದು ಗೇಣು ಅಗಲ, ಮೇಲೆ ಹೋಗುತ್ತಾ ಸಣ್ಣದಾಗಿ ತುದಿಯಲ್ಲಿ ಏನೂ ಇಲ್ಲ. ವಾಲಿದ ಓಕ್ ಕಂಬಕ್ಕೂ ಪಕ್ಕದ ಪೈನ್ ಕಂಬಕ್ಕೂ ನಡುವಿನ ಸಂದು ಮುಚ್ಚಲು ಅಂತಲೇ ಕತ್ತರಿಸಿದ ತುಂಡು, ವಿಸ್ತರಣೆಯಲ್ಲಿ ಬಳಸಿದ್ದ ಥರದ್ದೇ ಮೊಳೆ ಹೊಡೆದಿದ್ದಾರೆ. ಪೈನ್ ಕಂಬವನ್ನು ತೂಗುಗುಂಡು ಹಿಡಿದು ನೇರವಾಗಿ ನಿಲ್ಲಿಸಿದವನಿಗೆ ಓಕ್ ಕಂಬ ಆಗಲೇ ವಾಲಿ ನಿಂತಿತ್ತು. ಅವನು ತಲೆಕೆಡಿಸಿಕೊಳ್ಳಲಿಲ್ಲ, ಒಂದು ತುಂಡು ಕೊಯ್ದು ಸಂದು ಮುಚ್ಚಿ ಮುಂದಿನ ಕೆಲಸಕ್ಕೆ ಹೋದ.

ತುಂಡಿನ ಬುಡದ ಅಗಲ 22 ಸೆಂ.ಮೀ. ಪೈನ್ ಕಂಬವೂ ಈಗ ಸ್ವಲ್ಪ ವಾಲಿತ್ತು, ಅಳೆದರೆ 6. ಎರಡೂ ಕೂಡಿದರೆ 28. ಒಟ್ಟು ವಾಲಿಕೆಯ ಲೆಕ್ಕ ಸರಿಹೋಯಿತು. ಹೆಚ್ಚಿನ ಪಾಲು 1870ರ ದಶಕದ ನಕ್ಷೆಗಿಂತ ಮೊದಲೇ ಆಗಿದ್ದು, ಓರೆಮರ ತೆಗೆದದ್ದರಿಂದ. ಖಾಲಿ ಕುಳಿಗಳ ಮೇಲೂ ವಿಸ್ತರಣೆಯ ಕಾಲದ ಹಲಗೆಯೇ ಇದ್ದದ್ದರಿಂದ ಅದಕ್ಕಿಂತ ಮುಂಚೆಯೇ ಅವು ಹೋಗಿದ್ದವು ಅನ್ನುವುದು ಖಚಿತ. ಟ್ರ್ಯಾಕ್ಟರ್ ಬಾಗಿಲಿನ ಪಾಲು ಇದ್ದರೆ ಆ 6 ಸೆಂ.ಮೀ.ಯೊಳಗೆ ಮಾತ್ರ.

ಈಗಲೂ ವಾಲುತ್ತಿದೆಯೇ ಅಂತ ನೋಡಲು ಕಂಬಗಳಿಗೆ ತೂಗುಗುಂಡು ಕಟ್ಟಿ, ಬಿರುಕುಗಳ ಮೇಲೆ ಅಳತೆಪಟ್ಟಿ ಅಂಟಿಸಿ, ಒಂದು ಪೂರ್ತಿ ವರ್ಷ ಬಿಟ್ಟರು. ಚಳಿಗಾಲ, ಬೇಸಿಗೆ ಎರಡೂ ದಾಟಬೇಕು, ಯಾಕೆಂದರೆ ಮರ ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ. ತಮ್ಮನ ತಾಳ್ಮೆ ತಪ್ಪಿತು. ಆದರೆ ಬಾವಲಿಗಳ ಕಾರಣಕ್ಕೆ ಹೇಗೂ ಕಾಯಬೇಕಿತ್ತು. ಅಲ್ಲಿ ಬಾವಲಿಗಳಿಗೆ 1981ರ ಕಾಯ್ದೆಯ ರಕ್ಷಣೆ ಇದೆ, ಅವು ಮರಿ ಹಾಕುವ, ಚಳಿಗೆ ಮಲಗುವ ಕಾಲದಲ್ಲಿ ಮಾಡಿಗೆ ಕೈ ಹಾಕುವ ಹಾಗಿಲ್ಲ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಈಶಾನ್ಯ ಮೂಲೆ ಬಿಟ್ಟು ಎಲ್ಲೂ ಚಲನೆ ಇಲ್ಲ. ಬರೀ ಋತುವಿನ ಏರಿಳಿತ.

ವಾಲಿಕೆ ಹಳೇದು, ನಿಂತುಹೋಗಿದೆ. ಹೊಸ ರೋಗ ಇರುವುದು ಒಂದೇ ಮೂಲೆಯಲ್ಲಿ.

ರಿಪೇರಿ

ಆ ಮೂಲೆಗೆ ಆದದ್ದೇನು? ಯುದ್ಧದ ನಂತರ ಅಂಗಳಕ್ಕೆ ಪದರದ ಮೇಲೆ ಪದರ ಕಾಂಕ್ರೀಟ್ ಹಾಕಿ ನೆಲ ಎತ್ತರ ಮಾಡಿದ್ದರು. ಓಕ್ ಅಡಿತೊಲೆಯನ್ನು ನೆಲದಿಂದ ಮೇಲೆ ಇಡಲು ಅಂತಲೇ ಕಟ್ಟಿದ್ದ ಇಟ್ಟಿಗೆಯ ಕಿರುಗೋಡೆ ಹೂತುಹೋಗಿತ್ತು. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬೇರೆ. ಒಳಗೆ ಹೋದ ನೀರು ಹೊರಗೆ ಬರಲು ದಾರಿಯೇ ಇಲ್ಲ. ತೇವಾಂಶ 20 ಶೇಕಡಾ ದಾಟಿದ ಮರಕ್ಕೆ ಕೊಳೆಯುವ ಭಯ ಶುರು. ಇಲ್ಲಿ ಮೀಟರಿನ ಮುಳ್ಳು ಕೊನೆಗೇ ಹೋಗಿ ನಿಂತಿತ್ತು.

ಹುಳದ ಬಗ್ಗೆ ಒಂದು ಕಂಪನಿ ಇಡೀ ಬಾರ್ನ್‌ಗೆ ಔಷಧಿ ಹೊಡೆಯಲು ದರ ಕೊಟ್ಟಿತ್ತು. ಈ ಡೆತ್‌ವಾಚ್ ಜೀರುಂಡೆ ಶಿಲೀಂಧ್ರ ಹಿಡಿದು ಮೆದುವಾದ ಓಕ್‌ನಲ್ಲೇ ಬೆಳೆಯುವುದು, ಮರಿಹುಳು ವರ್ಷಗಟ್ಟಲೆ ಮರದ ಆಳದಲ್ಲಿರುತ್ತದೆ, ಮೇಲೆ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದೂ ಇಲ್ಲ. ತೂತುಗಳ ಮೇಲೆ ತೆಳು ಕಾಗದ ಅಂಟಿಸಿ ವಸಂತದಲ್ಲಿ ನೋಡಿದೆವು. ಹುಳ ಹೊರಬಂದರೆ ಕಾಗದ ತೂತಾಗಬೇಕು. ತೂತಾದದ್ದು ಅದೇ ಒದ್ದೆ ಮೂಲೆಯಲ್ಲಿ ಮಾತ್ರ. ಔಷಧಿಯ ದುಡ್ಡು ಉಳಿಯಿತು, ಅದೇ ದುಡ್ಡಲ್ಲಿ ಅಂಗಳದ ಕಾಂಕ್ರೀಟ್ ಒಡೆದು, ನೆಲ ತಗ್ಗಿಸಿ, ಜಲ್ಲಿ ತುಂಬಿದ ಕಾಲುವೆ ತೋಡಿ, ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಾಕಿದರು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬಾರ್ನ್‌ಗೆ ಅತಿ ಹೆಚ್ಚು ಒಳ್ಳೆಯದು ಮಾಡಿದ್ದು ಇದೇ. ಫೋಟೋದಲ್ಲಿ ಮಾತ್ರ ಏನೂ ಕಾಣುವುದಿಲ್ಲ.

ಮೂಲೆಯನ್ನು ಜ್ಯಾಕ್ ಕೊಟ್ಟು ಎತ್ತಿದ್ದು ಎದೆ ಹೊಡಕೊಳ್ಳುವ ಕೆಲಸ. 11 ಸೆಂ.ಮೀ. ಪೂರ್ತಿ ಎತ್ತುವ ಯೋಜನೆ ಇತ್ತು. ದಿನಕ್ಕೆ ಕೆಲವೇ ಮಿ.ಮೀ., ಪ್ರತಿ ಸಲ ಎತ್ತಿ ಎಲ್ಲ ಜೋಡಣೆಗಳನ್ನೂ ಒಂದು ಸುತ್ತು ನೋಡಿಬರುವುದು. 4 ಸೆಂ.ಮೀ. ಆಗುವಷ್ಟರಲ್ಲಿ ಎದುರಿನ ಗೋಡೆಯ ಮೇಲೆ, ಅಡ್ಡತೊಲೆ ಉದ್ದತೊಲೆಗೆ ಕಚ್ಚಿಕೊಳ್ಳುವ ಜಾಗದಲ್ಲಿ, ಹೊಸ ಬಿಳಿ ಸೀಳು ಕಂಡಿತು. ಬಡಗಿ ಕೈ ಎತ್ತಿ "ಸಾಕು" ಅಂದ. ಎಂಜಿನಿಯರ್ ಮೇಲೆ ಹತ್ತಿ ನೋಡಿ, ಇಳಿದು ಬಂದು ನಕ್ಷೆಯಲ್ಲಿದ್ದ ಅಂಕಿ ಹೊಡೆದುಹಾಕಿದರು. ಕುಸಿದ ಸ್ಥಿತಿಯಲ್ಲೇ ಮರ ದಶಕಗಟ್ಟಲೆ ನಿಂತು ಹಾಗೇ ಬಾಗಿ ಒಗ್ಗಿಹೋಗಿತ್ತು. ಒಂದು ಮೂಲೆ ನೇರ ಮಾಡಲು ಹೋದರೆ ಚೆನ್ನಾಗಿದ್ದ ಇನ್ನೊಂದು ಮೂಲೆ ಸೀಳುತ್ತದೆ. ಉಳಿದ 7 ಸೆಂ.ಮೀ.ಯನ್ನು ಕಿರುಗೋಡೆಯ ಮೇಲೆ ಒಂದು ಸಾಲು ಇಟ್ಟಿಗೆ ಕಡಿಮೆ ಮಾಡಿ ಸರಿದೂಗಿಸಿದರು. ಇಡೀ ಕಟ್ಟಡ ಎಳೆದು ನೇರ ಮಾಡುವ ಮಾತು ಆ ದಿನವೇ ಮುಗಿಯಿತು.

ಬದಲಿಗೆ ಹೋಗಿದ್ದ ಓರೆಮರಗಳನ್ನು ವಾಪಸ್ ಹಾಕಿದರು, ಹಳೇ ಕುಳಿಗಳಲ್ಲೇ. ಚೌಕಟ್ಟು ವಾಲಿರುವುದರಿಂದ ಒಂದರ ಅಳತೆ ಇನ್ನೊಂದಕ್ಕಿಲ್ಲ, ಪ್ರತಿಯೊಂದನ್ನೂ ಜಾಗದಲ್ಲೇ ಹಿಡಿದು ಗೀರಿ ಕೊಯ್ಯಬೇಕಾಯಿತು. ಕೊಳೆತ ಕಂಬಗಳ ಬುಡ ಮಾತ್ರ ಕತ್ತರಿಸಿ, ಗಾಳಿಯಲ್ಲಿ ಒಣಗಿಸಿದ ಓಕ್ ತುಂಡು ಬೆಸೆದರು. ಇದಕ್ಕೆ ಹಸಿ ಓಕ್ ಬಳಸಿದರೆ ಆಮೇಲೆ ಕುಗ್ಗಿ ಬೆಸುಗೆ ಸಡಿಲ ಆಗುತ್ತದೆ. ಹಳೇ ಬಾರ್ನ್ ಒಡೆದು ಮಾರುವ ಮರವನ್ನು ಬಡಗಿ ಮುಟ್ಟಲಿಲ್ಲ. "ಒಂದನ್ನು ಉಳಿಸೋಕೆ ಇನ್ನೊಂದನ್ನು ಒಡೆಸೋದಾ?" ಅಂದ. ವಿಲಿಯಂ ಮಾರಿಸ್ 1877ರಲ್ಲಿ ಹುಟ್ಟುಹಾಕಿದ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಮೊದಲಿನಿಂದ ಹೇಳುತ್ತಾ ಬಂದದ್ದೂ ಇದನ್ನೇ: ರಿಪೇರಿ ಮಾಡಿ, ಹಳೇದರ ವೇಷ ಹಾಕಬೇಡಿ. ಹೊಸ ತುಂಡುಗಳಿಗೆ ಬಣ್ಣ ಬಳಿದು ಮುಚ್ಚಲಿಲ್ಲ.

ಏನಾಯಿತು

ತಮ್ಮನ ಎರಡು ಮನೆ ಆಗಲಿಲ್ಲ. ಆದರೆ ಬಡಗಿಯ ಗುರುತುಗಳಿಂದ ಅವರಿಗೂ ಒಂದು ದಾರಿ ಸಿಕ್ಕಿತು. ಐದು ಅಂಕಣ ಮೂಲದ್ದು, ಆರನೆಯದು ನಂತರದ ಪೈನ್ ವಿಸ್ತರಣೆ ಅಂತ ಕಾಗದದ ಮೇಲೆ ತೋರಿಸಿದ ಮೇಲೆ, ಆ ಆರನೇ ಅಂಕಣಕ್ಕೆ ಉಷ್ಣ ನಿರೋಧಕ, ಕಿಟಕಿ ಎಲ್ಲ ಹಾಕಿ ಬಾಡಿಗೆಗೆ ಕೊಡುವ ಕಚೇರಿ ಮಾಡಲು ಅಧಿಕಾರಿ ಒಪ್ಪಿದರು. ಉಳಿದ ಐದು ಅಂಕಣ ಖಾಲಿ, ತೆರೆದಿದೆ. ಬಾರ್ನ್ ಅಂದರೆ ಆ ಖಾಲಿ ಜಾಗವೇ. ಅದರೊಳಗೆ ಮಹಡಿ, ಗೋಡೆ, ಬಚ್ಚಲು ತುರುಕಿದರೆ ಚೌಕಟ್ಟು ಉಳಿದರೂ ಬಾರ್ನ್ ಉಳಿಯುವುದಿಲ್ಲ. ಮನೆ ಮಾಡಿದ ಬಾರ್ನ್‌ಗಳನ್ನು ಸಾಕಷ್ಟು ನೋಡಿದ ಮೇಲೆ ನನಗೆ ಬಂದ ಅಭಿಪ್ರಾಯ ಇದು. ಒಪ್ಪದವರೂ ಬಹಳ ಜನ ಇದ್ದಾರೆ.

ಅಕ್ಕನಿಗೆ ಬೇಕಿದ್ದ ಒಂದು ವಸ್ತು ಸಿಗಲಿಲ್ಲ: ಕಟ್ಟಿದ ವರ್ಷ. ಮರದ ಉಂಗುರ ಎಣಿಸಿ ಕಡಿದ ವರ್ಷ ಹೇಳಬಹುದು, ಆದರೆ ಸಾಮಾನ್ಯವಾಗಿ ಕನಿಷ್ಠ ಐವತ್ತು ಉಂಗುರವಾದರೂ ಬೇಕು. ಈ ಭಾಗದ ಓಕ್ ಬೇಗ ಬೇಗ ದಪ್ಪ ಆಗುತ್ತದೆ, ಉಂಗುರಗಳು ಅಗಲ, ಸಂಖ್ಯೆಯಲ್ಲಿ ಕಡಿಮೆ. ಕೊರೆದು ತೆಗೆದ ಮಾದರಿಗಳು ಯಾವುದಕ್ಕೂ ಹೊಂದಲಿಲ್ಲ. ಉಂಗುರದಲ್ಲಿರುವ ಆಮ್ಲಜನಕದ ಐಸೋಟೋಪ್ ನೋಡಿ ಇಂಥ ಮರಗಳ ಕಾಲವನ್ನೂ ಹೇಳುವ ವಿಧಾನವನ್ನು ಸ್ವಾನ್ಸೀ ವಿಶ್ವವಿದ್ಯಾಲಯದವರು ಬೆಳೆಸಿದ್ದಾರೆ, ಆದರೆ ಅದಕ್ಕೆ ಬೇರೆಯೇ ದುಡ್ಡು. ಅಕ್ಕ ಆ ದುಡ್ಡನ್ನು ಬಾಗಿಲಿಗೆ ಹಾಕಿದರು. ಉದ್ದತೊಲೆಗಳನ್ನು ಬೆಸೆದ ರೀತಿ, ಮಾಡಿನ ರಚನೆ, ಹೊಗೆ ಹಿಡಿದ ಮರ, ಇವನ್ನೆಲ್ಲ ಕೂಡಿಸಿ ವರದಿಯಲ್ಲಿ 1600ರ ಆಸುಪಾಸು ಅಂತ ಬರೆದೆವು.

ಇಂಥ ಕಟ್ಟಡ ಇರುವವರು ಈ ಪ್ರಕರಣದಿಂದ ತಗೊಳ್ಳಬಹುದಾದ್ದು ಮುಖ್ಯವಾಗಿ ಕೆಲಸದ ಅನುಕ್ರಮ. ಮೊದಲ ಎಂಜಿನಿಯರ್ ಹಾಕಿದ ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅವರು ಓರೆಮರ ಇಲ್ಲದ ಚೌಕಟ್ಟಿಗೆ ಲೆಕ್ಕ ಹಾಕಿದ್ದರು. ಓರೆಮರ ಇತ್ತು, ಹೋಯಿತು, ವಾಪಸ್ ಹಾಕಬಹುದು ಅನ್ನುವುದು ಅಳತೆ ಮುಗಿದ ಮೇಲೆ ಗೊತ್ತಾದದ್ದು. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಉಕ್ಕು ಬೇಕಾಗಲಿಲ್ಲ, ಎರಡು ಕಡೆ ಕಬ್ಬಿಣದ ಪಟ್ಟಿ ಸಾಕಾಯಿತು. ಅಳತೆಗೆ, ಒಂದು ವರ್ಷದ ಕಾಯುವಿಕೆಗೆ ಆದ ಖರ್ಚು ಉಕ್ಕಿನ ಚೌಕಟ್ಟಿನ ದರದ ಮುಂದೆ ಏನೇನೂ ಅಲ್ಲ. ಎಲ್ಲ ಪ್ರಕರಣದಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ತೂಗುಗುಂಡು ಜರುಗುತ್ತಲೇ ಇದ್ದಿದ್ದರೆ ಉಕ್ಕಿನ ಮಾತನ್ನೇ ಮತ್ತೆ ಆಡಬೇಕಾಗುತ್ತಿತ್ತು.

ಕೊನೆಯ ಜಗಳ ಮಾಡಿನದ್ದು. ಇಳಿಜಾರು ಸುಮಾರು 50 ಡಿಗ್ರಿ, ಮೊದಲು ಹುಲ್ಲೇ ಇದ್ದದ್ದು. ಹುಲ್ಲು ಹೊದಿಸಲು ಖರ್ಚು ಜಾಸ್ತಿ, ಬೆಂಕಿಯ ಭಯಕ್ಕೆ ವಿಮೆಯೂ ಜಾಸ್ತಿ. ಅಧಿಕಾರಿಗೆ ಸುತ್ತಲಿನ ಕಟ್ಟಡಗಳ ಹಾಗೆ ಮಣ್ಣಿನ ಹೆಂಚು ಬೇಕಿತ್ತು, ಆ ತಗಡು ಅವರಿಗೆ ಕಣ್ಣಿನ ಕಸ. ಎಂಜಿನಿಯರ್ ತೂಕ ಹೇಳಿದರು: ಆ ಥರದ ಹೆಂಚು ಚದರ ಮೀಟರಿಗೆ 60 ಕೆಜಿಗೂ ಜಾಸ್ತಿ, ತಗಡು 10 ಕೆಜಿಯೊಳಗೆ. ಒಂದು ಮೂಲೆಯನ್ನು 4 ಸೆಂ.ಮೀ. ಎತ್ತಿದ್ದಕ್ಕೇ ಸೀಳಿದ ಚೌಕಟ್ಟಿನ ಮೇಲೆ ಅಷ್ಟು ಭಾರ ಹೇರಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಕಪ್ಪು ಬಣ್ಣದ ಹೊಸ ತಗಡೇ ಬಂತು. ಅಧಿಕಾರಿ ಒಪ್ಪಿದ್ದು ಭಾರ ನೋಡಿ, ತಮ್ಮ ಒಪ್ಪಿದ್ದು ಬೆಲೆ ನೋಡಿ. ಅಕ್ಕನಿಗೆ ಇನ್ನೂ ಸಮಾಧಾನ ಇಲ್ಲ, ಮಳೆ ಬಂದರೆ ಒಳಗೆ ಮಾತು ಕೇಳಿಸಲ್ಲ ಅಂತಾರೆ.